ಕಾಲು ಅಂಗುಲದ ನಿಜ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಆಕಾಶ ಕಾಯುತ್ತಿದ್ದ ಫೈಟರ್ ದಳಗಳಲ್ಲಿ ಒಂದರ ಲಾಂಛನ ನಮ್ಮ ಗಂಡಭೇರುಂಡ. ದಳದ ಹೆಸರೇ 129ನೇ ಮೈಸೂರು ಸ್ಕ್ವಾಡ್ರನ್. ಮೊದಲ ಮಹಾಯುದ್ಧದ ಕೊನೆಯಲ್ಲಿ ಕೆಲವೇ ತಿಂಗಳು ಬದುಕಿ ಮುಚ್ಚಿಹೋಗಿದ್ದ ಆ ದಳವನ್ನು 1941ರ ಜೂನ್ 16ರಂದು ಯಾರ್ಕ್‌ಶೈರಿನ ಲೆಕನ್‌ಫೀಲ್ಡ್ ನಿಲ್ದಾಣದಲ್ಲಿ ಮತ್ತೆ ಕಟ್ಟಿದರು. ಹಣ ಕೊಟ್ಟದ್ದು ಮೈಸೂರು ಸಂಸ್ಥಾನ. ಅದಕ್ಕೇ ಆ ಹೆಸರು, ಅದಕ್ಕೇ ಆ ಎರಡು ತಲೆಯ ಹಕ್ಕಿ. ದಳಕ್ಕೆ ಕೊಟ್ಟ ವಿಮಾನ ಸ್ಪಿಟ್‌ಫೈರ್. ಈ ಸಂಗತಿ ತಿಳಿದ ಮೇಲೆ ಹಿರಿಯೂರು ತಾಲ್ಲೂಕಿನ ಬಬ್ಬೂರಿನ ನನ್ನ ಮನೆಯ ಮೇಜಿನ ಮೇಲೆ ಮೈಸೂರಿನ ಹೆಸರು ಹೊತ್ತ ಸ್ಪಿಟ್‌ಫೈರ್ ಒಂದು ನಿಲ್ಲಲೇಬೇಕೆಂದು ತೀರ್ಮಾನಿಸಿದೆ. ಅದೂ ಹೇಗೋ ಒಂದಲ್ಲ, ನಿಜವಾಗಿ ಇದ್ದ ಹಾಗೆಯೇ ಇರುವ ಒಂದು.

ವಿಮಾನದ ಮಾದರಿ ಮಾಡುವುದೆಂದರೆ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಬಣ್ಣ ಬಳಿಯುವುದು ಎಂದು ನೋಡಿದವರಿಗೆ ಅನಿಸುತ್ತದೆ. ಅಂಟು, ಬಣ್ಣಗಳ ಕೆಲಸ ಬರುವುದು ಕೊನೆಗೆ. ಅದಕ್ಕೂ ಮೊದಲಿನ ಕೆಲಸ ಹುಡುಕಾಟ. ಯಾವ ವರ್ಷದ ವಿಮಾನ, ಯಾವ ತಿಂಗಳಿನದು, ಯಾವ ಬಣ್ಣ, ಎಷ್ಟಗಲದ ಪಟ್ಟಿ, ಎಂಥ ಪ್ರೊಪೆಲ್ಲರ್, ರೆಕ್ಕೆಯಲ್ಲಿ ಎಷ್ಟು ಬಂದೂಕು, ಎಕ್ಸಾಸ್ಟ್ ಕೊಳವೆಯ ಬಾಯಿ ದುಂಡಗಿತ್ತೋ ಮೀನಿನ ಬಾಲದಂತೆ ಚಪ್ಪಟೆಯಾಗಿತ್ತೋ. ಇವುಗಳಿಗೆ ಉತ್ತರ ಸಿಗುವವರೆಗೆ ನಾನು ಕಿಟ್‌ನ ಚೌಕಟ್ಟಿನಿಂದ ಒಂದು ತುಂಡನ್ನೂ ಕತ್ತರಿಸುವುದಿಲ್ಲ.

ನಾನು ಮಾಡುವುದು 72ರಲ್ಲಿ ಒಂದು ಪಾಲಿನ ಅಳತೆಯಲ್ಲಿ. ಈ ವಿಚಿತ್ರ ಸಂಖ್ಯೆಯ ಹಿಂದೆ ಸರಳವಾದ ಲೆಕ್ಕವಿದೆ. ಆರು ಅಡಿ ಒಂದು ಅಂಗುಲವಾಗುತ್ತದೆ, ಅಂದರೆ ಎತ್ತರದ ಆಳೊಬ್ಬ ಒಂದು ಅಂಗುಲದವನಾಗುತ್ತಾನೆ. ಯುದ್ಧಕಾಲದಲ್ಲಿ ಶತ್ರು ಯಾರು, ಮಿತ್ರ ಯಾರು ಎಂದು ಆಕಾಶದಲ್ಲಿನ ಆಕಾರ ನೋಡಿಯೇ ಗುರುತಿಸಲು ಸೈನಿಕರಿಗೆ ಕಲಿಸುತ್ತಿದ್ದ ಮಾದರಿಗಳೂ ಇದೇ ಅಳತೆಯವು. ತಪ್ಪಾಗಿ ಗುರುತಿಸಿದರೆ ತನ್ನವರ ಮೇಲೆಯೇ ಗುಂಡು ಹಾರುತ್ತಿತ್ತು. ಹಾಗಾಗಿ ಮಾದರಿಯ ನಿಖರತೆ ಆಗ ಪ್ರಾಣದ ಪ್ರಶ್ನೆಯಾಗಿತ್ತು. ಸ್ಪಿಟ್‌ಫೈರಿನ ರೆಕ್ಕೆಯ ತುದಿಯಿಂದ ತುದಿಗೆ 36 ಅಡಿ 10 ಅಂಗುಲ, ಅಂದರೆ 11.23 ಮೀಟರ್. ನನ್ನ ಮೇಜಿನ ಮೇಲೆ ಅದು 15.6 ಸೆಂಟಿಮೀಟರ್. ಅಂಗೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರೆ ಆ ಅಂಡಾಕಾರದ ರೆಕ್ಕೆಯ ಬಾಗು ಎಷ್ಟು ಚೆಂದವಾಗಿದೆ ಎಂಬುದು ತಿಳಿಯುತ್ತದೆ. 1936ರ ಮಾರ್ಚ್ 5ರಂದು ಅದು ಮೊದಲು ಹಾರಿತು. ಅದರ ವಿನ್ಯಾಸಕ ಆರ್.ಜೆ. ಮಿಚೆಲ್ ಮರುವರ್ಷವೇ ತೀರಿಕೊಂಡರು. ತಮ್ಮ ವಿಮಾನ ಯುದ್ಧಕ್ಕೆ ಹೋದದ್ದನ್ನು ಅವರು ನೋಡಲಿಲ್ಲ.

ಬಬ್ಬೂರಿನಲ್ಲಿ ಕೂತು ಈ ಕೆಲಸ ಮಾಡುವುದಕ್ಕೆ ಅದರದೇ ಆದ ಅನುಕೂಲಗಳಿವೆ. ವಾಣಿವಿಲಾಸ ಸಾಗರದ ನಾಲೆಯ ಸೀಮೆಯಾದರೂ ಬೇಸಿಗೆಯದು ಒಣ ಗಾಳಿ. ಬಣ್ಣ ಬೇಗ ಆರುತ್ತದೆ. ಧೂಳೂ ಅಷ್ಟೇ ಬೇಗ ಕೂರುತ್ತದೆಯಾದ್ದರಿಂದ ಏರ್‌ಬ್ರಷ್ ಹಿಡಿಯುವುದು ನಸುಕಿನಲ್ಲಿ, ಗಾಳಿ ಏಳುವ ಮುನ್ನ. ಆ ಧೂಳನ್ನು ನೋಡಿದವನಿಗೆ ಯುದ್ಧಕಾಲದ ಭಾರತದಲ್ಲಿ ಹಾರಿದ ಹರಿಕೇನ್ ಫೈಟರ್‌ಗಳ ಮೂತಿಯ ಕೆಳಗೆ ಯಾಕೆ ಅಷ್ಟು ದೊಡ್ಡ ಗಾಳಿ ಸೋಸುವ ಪೆಟ್ಟಿಗೆ ಇತ್ತೆಂದು ಪುಸ್ತಕ ತೆರೆಯದೆಯೇ ಅರ್ಥವಾಗುತ್ತದೆ. ನಮ್ಮೂರಿನ ಇನ್ನೊಂದು ಪಾಠವೂ ನನಗೆ ಒದಗಿದೆ. ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಪ್ರಯೋಗದ ತಾಕುಗಳ ಮುಂದೆ ಯಾವ ತಳಿ, ಯಾವಾಗ ಬಿತ್ತಿದ್ದು ಎಂದು ಬರೆದು ಫಲಕ ನೆಡುತ್ತಾರೆ. ಫಲಕವಿಲ್ಲದ ತಾಕು ಎಷ್ಟೇ ಹಸಿರಾಗಿದ್ದರೂ ಬರಿಯ ಬೆಳೆ, ಪ್ರಯೋಗವಲ್ಲ. ಮಾದರಿಯೂ ಹಾಗೆಯೇ. ಇದು ಯಾವ ದಿನದ ಯಾವ ವಿಮಾನ ಎಂದು ಹೇಳಲಾಗದಿದ್ದರೆ ಅದು ಚೆಂದದ ಗೊಂಬೆ ಮಾತ್ರ.

ಮೈಸೂರು ಸ್ಕ್ವಾಡ್ರನ್ನಿನ ವಿಷಯದಲ್ಲಿ ದಿನಾಂಕವೇ ಎಲ್ಲದರ ಬೀಗದ ಕೈ. ದಳ ಹುಟ್ಟಿದ 1941ರ ಜೂನ್‌ನಲ್ಲಿ ಬ್ರಿಟಿಷ್ ಫೈಟರ್‌ಗಳ ಮೈಮೇಲೆ ಕಡುಗಂದು ಮತ್ತು ಕಡುಹಸಿರಿನ ಪಟ್ಟೆಗಳು, ಹೊಟ್ಟೆಗೆ ಹಸಿರು ಬೆರೆತ ತಿಳಿಯಾದ 'ಸ್ಕೈ' ಬಣ್ಣ. ಇಂಗ್ಲೆಂಡಿನ ಹೊಲಗದ್ದೆಗಳ ಮೇಲೆ ನಿಂತ ವಿಮಾನ ಮೇಲಿನಿಂದ ಕಾಣಬಾರದೆಂಬ ಲೆಕ್ಕ ಅದು. ಆದರೆ ಆ ಹೊತ್ತಿಗೆ ಯುದ್ಧದ ಸ್ವರೂಪ ಬದಲಾಗಿತ್ತು. ಫೈಟರ್‌ಗಳು ಇಂಗ್ಲಿಷ್ ಕಾಲುವೆ ದಾಟಿ ಫ್ರಾನ್ಸಿನ ಮೇಲೆ, ಸಮುದ್ರದ ಮೇಲೆ, ಹೆಚ್ಚು ಎತ್ತರದಲ್ಲಿ ಹಾರತೊಡಗಿದ್ದವು. ಕಂದು ಬಣ್ಣ ಸಮುದ್ರದ ಮೇಲೆ ಎದ್ದು ಕಾಣುತ್ತಿತ್ತು. ಆಗಸ್ಟ್ ನಡುವಿನಲ್ಲಿ ಆಜ್ಞೆ ಹೊರಟಿತು. ಕಂದು ಹೋಗಿ ಬೂದು ಬಂತು, ಹೊಟ್ಟೆಗೂ ತಿಳಿಬೂದು. ನಿಗದಿಪಡಿಸಿದ 'ಓಶನ್ ಗ್ರೇ' ಬಣ್ಣ ಸಾಕಷ್ಟು ಸಿಗುವವರೆಗೆ ಏಳು ಪಾಲು 'ಮೀಡಿಯಂ ಸೀ ಗ್ರೇ'ಗೆ ಒಂದು ಪಾಲು ಕಪ್ಪು ಬೆರೆಸಿ ಬಳಿಯಿರಿ ಎಂದರು. ನಿಲ್ದಾಣದ ಕೆಲಸಗಾರರು ಕೈಯಿಂದ ಬೆರೆಸಿದ ಬಣ್ಣ ಅದು. ಒಂದು ನಿಲ್ದಾಣದ ಬೂದು ಇನ್ನೊಂದು ನಿಲ್ದಾಣದ ಬೂದಿನಂತೆಯೇ ಇರಬೇಕಾಗಿರಲಿಲ್ಲ.

ಅದೇ ಆಗಸ್ಟ್‌ನಲ್ಲಿ ಮೈಸೂರು ಸ್ಕ್ವಾಡ್ರನ್ ದಕ್ಷಿಣ ಕರಾವಳಿಯ ವೆಸ್ಟ್‌ಹ್ಯಾಂಪ್‌ನೆಟ್‌ಗೆ ಹೋಯಿತು. ಅದೇ ಆಗಸ್ಟ್‌ನಲ್ಲಿ ಹಳೆಯ ಸ್ಪಿಟ್‌ಫೈರ್‌ಗಳ ಬದಲು ಎರಡು ಫಿರಂಗಿ, ನಾಲ್ಕು ಮೆಷಿನ್‌ಗನ್ ಇದ್ದ ಐದನೆಯ ಮಾದರಿ ಬಂತು. ಊರು, ಯಂತ್ರ, ಬಣ್ಣ ಮೂರೂ ಒಂದೇ ತಿಂಗಳಲ್ಲಿ ಬದಲಾದವು. ಹಾಗಾಗಿ ಮೈಸೂರಿನ ವಿಮಾನ ಎಂದರೆ ಜುಲೈನಲ್ಲಿ ಒಂದು, ಸೆಪ್ಟೆಂಬರಿನಲ್ಲಿ ಸಂಪೂರ್ಣ ಬೇರೆಯದು. ಬಾಲದ ಮುಂದೆ ಮೈಯನ್ನು ಸುತ್ತುವ 'ಸ್ಕೈ' ಪಟ್ಟಿಯ ಅಗಲ 18 ಅಂಗುಲ. ನನ್ನ ಅಳತೆಯಲ್ಲಿ ಅದು ಸರಿಯಾಗಿ ಕಾಲು ಅಂಗುಲ. ಬಾಲದ ನೆಟ್ಟಗಿನ ರೆಕ್ಕೆಯ ಮೇಲಿನ ಕೆಂಪು-ಬಿಳಿ-ನೀಲಿ ಗುರುತು 27 ಅಂಗುಲ ಎತ್ತರ, 24 ಅಂಗುಲ ಅಗಲ, ಮೂರು ಬಣ್ಣಕ್ಕೂ ಸಮಪಾಲು. 1942ರ ಬೇಸಿಗೆಯಲ್ಲಿ ಅದೂ ಬದಲಾಯಿತು. ದೂರಕ್ಕೆ ಹೊಳೆಯುತ್ತಿದ್ದ ಬಿಳಿಯನ್ನು ಎಳೆಯಷ್ಟು ಕಿರಿದು ಮಾಡಿದರು, ಮೈಮೇಲಿನ ವಾಯುಪಡೆಯ ಗುರುತಿನ ವೃತ್ತದ ಹಳದಿ ಉಂಗುರವನ್ನೂ ತೆಳ್ಳಗಾಗಿಸಿದರು. ಆ ವರ್ಷದ ಆಗಸ್ಟ್ 19ರಂದು ಫ್ರಾನ್ಸಿನ ಡಿಯೆಪ್ ಮೇಲೆ ನಡೆದ ದಾಳಿಯಲ್ಲಿ ಮೈಸೂರು ಸ್ಕ್ವಾಡ್ರನ್ ಭಾಗವಹಿಸಿತು. ಡಿಯೆಪ್ ದಿನದ ವಿಮಾನ ಮಾಡುವವನು ಹಳೆಯ ಅಗಲದ ಬಿಳಿ ಹಾಕಿದರೆ ಮೇಜಿನ ಮೇಲೆ ನಿಲ್ಲುವುದು ಆ ದಿನವಲ್ಲ.

ಈ ವಿವರಗಳಿಗೆಲ್ಲ ಸಾಕ್ಷಿ ಎಲ್ಲಿಂದ? ಮೊದಲ ಸಾಕ್ಷಿ ಆ ಕಾಲದ ಫೋಟೊ. ಫೋಟೊ ಓದುವುದನ್ನೂ ಕಲಿಯಬೇಕು. ಆಗಿನ ಕಪ್ಪುಬಿಳುಪು ಫಿಲ್ಮ್‌ಗಳಲ್ಲಿ ಒಂದು ಬಗೆಗೆ ಕೆಂಪು ಬೆಳಕು ತಾಕುತ್ತಲೇ ಇರಲಿಲ್ಲ. ಆ ಫಿಲ್ಮ್‌ನಲ್ಲಿ ಕೆಂಪು ಕಪ್ಪಾಗುತ್ತದೆ, ಹಳದಿಯೂ ಕಪ್ಪಿಗೆ ತಿರುಗುತ್ತದೆ, ನೀಲಿ ಮಾತ್ರ ತೆಳುವಾಗಿ ಕಾಣುತ್ತದೆ. ವೃತ್ತದ ಹೊರಗಿನ ಹಳದಿ ಉಂಗುರ ಕಪ್ಪಾಗಿ ಕಂಡಿತೆಂದು ಕಪ್ಪು ಬಳಿದವರಿದ್ದಾರೆ, ಇಲ್ಲವೇ ಇಲ್ಲವೆಂದು ಬಿಟ್ಟವರೂ ಇದ್ದಾರೆ. ಅದೇ ವಿಮಾನವನ್ನು ಬೇರೆ ಬಗೆಯ ಫಿಲ್ಮ್‌ನಲ್ಲಿ ತೆಗೆದರೆ ಹಳದಿ ಬೆಳ್ಳಗೆ ನಗುತ್ತದೆ. ಆದ್ದರಿಂದ ನಾನು ಫೋಟೊದಲ್ಲಿ ಮೊದಲು ನೋಡುವುದು ವಿಮಾನವನ್ನಲ್ಲ, ಬಣ್ಣ ಗೊತ್ತಿರುವ ಇನ್ನಾವುದಾದರೂ ವಸ್ತುವನ್ನು. ಪೈಲಟ್ ತೊಟ್ಟ ಹಳದಿ ತೇಲುಕವಚ ಅಲ್ಲೇ ಇದ್ದರೆ ಅದು ಯಾವ ಛಾಯೆಯಲ್ಲಿ ಬಂದಿದೆ ಎಂಬುದರಿಂದ ಫಿಲ್ಮ್‌ನ ಗುಣ ತಿಳಿಯುತ್ತದೆ. ನೆರಳಿನ ದಿಕ್ಕು, ಹುಲ್ಲಿನ ಎತ್ತರ, ಹಿಂದೆ ನಿಂತವರ ಉಡುಪು, ಎಲ್ಲವೂ ಮಾತಾಡುತ್ತವೆ.

ವಸ್ತುಸಂಗ್ರಹಾಲಯದ ವಿಮಾನ ಎರಡನೆಯ ಸಾಕ್ಷಿ. ದೆಹಲಿಯ ಪಾಲಂನಲ್ಲಿ ವಾಯುಪಡೆಯ ಸಂಗ್ರಹಾಲಯವಿದೆ. ಅಲ್ಲಿ ಸ್ಪಿಟ್‌ಫೈರ್ ಇದೆ, ಹರಿಕೇನ್ ಇದೆ, ಲೈಸ್ಯಾಂಡರ್ ಇದೆ. ಕಿಟ್ ಎಷ್ಟೇ ಒಳ್ಳೆಯದಿರಲಿ, ನಿಜವಾದ ಸ್ಪಿಟ್‌ಫೈರಿನ ಮುಂದೆ ಒಮ್ಮೆ ನಿಂತವನ ಕೈ ಬೇರೆಯಾಗುತ್ತದೆ. ಚಕ್ರದ ಕಾಲುಗಳು ಎಷ್ಟು ಹತ್ತಿರ ಹತ್ತಿರ ಇವೆ, ಮೂತಿ ಎಷ್ಟು ಉದ್ದ, ಕಾಕ್‌ಪಿಟ್ ಎಷ್ಟು ಇಕ್ಕಟ್ಟು ಎಂಬುದು ಅಂಕಿಗಳಿಂದ ತಿಳಿಯುವುದಲ್ಲ. ಆಕಾರಕ್ಕೆ, ಜೋಡಣೆಗೆ, ಮುಚ್ಚಳಗಳ ಜಾಗಕ್ಕೆ ಅದು ಪ್ರಮಾಣ. ಬಣ್ಣಕ್ಕೆ ಮಾತ್ರ ಅಲ್ಲ. ದಶಕಗಳಿಂದ ನಿಂತ ವಿಮಾನಕ್ಕೆ ಯಾರೋ ಯಾವಾಗಲೋ ಹೊಸ ಬಣ್ಣ ಬಳಿದಿರುತ್ತಾರೆ.

ಮೂರನೆಯ ಸಾಕ್ಷಿಗೆ ಹೋಗುವ ಮುನ್ನ ಒಂದು ಮಾತು: ವಿವರ ಎಷ್ಟರವರೆಗೆ ಎಂಬುದಕ್ಕೂ ಒಂದು ನ್ಯಾಯವಿದೆ. ಸ್ಪಿಟ್‌ಫೈರ್ ಕಟ್ಟುವಾಗ ರಿವೆಟ್‌ಗಳ ತಲೆ ಮೈಗೆ ಸಮನಾಗಿರಬೇಕೋ ಉಬ್ಬಿದರೂ ನಡೆದೀತೋ ಎಂಬ ಪ್ರಶ್ನೆ ಎದ್ದಿತು. ಸಮತಟ್ಟಾದ ರಿವೆಟ್ ಹೊಡೆಯುವುದು ದುಬಾರಿ, ನಿಧಾನ. ಪರೀಕ್ಷೆಗೆಂದು ಒಡೆದ ಬಟಾಣಿ ಬೇಳೆಯನ್ನು ಒಂದೊಂದು ರಿವೆಟ್ ಮೇಲೂ ಅಂಟಿಸಿ ವಿಮಾನ ಹಾರಿಸಿದರು. ವೇಗ ಗಂಟೆಗೆ ಸುಮಾರು 22 ಮೈಲಿ ಇಳಿಯಿತು. ಆಮೇಲೆ ಸಾಲು ಸಾಲಾಗಿ ಬೇಳೆ ಕಿತ್ತು ಮತ್ತೆ ಮತ್ತೆ ಹಾರಿಸಿ, ಎಲ್ಲಿ ಸಮತಟ್ಟು ಅಗತ್ಯ, ಎಲ್ಲಿ ಉಬ್ಬು ಸಾಕು ಎಂದು ಕಂಡುಕೊಂಡರು. ಬೇಳೆಕಾಳಿನ ಸೀಮೆಯವನಾದ ನನಗೆ ಈ ಪ್ರಯೋಗದ ಸರಳತೆ ಬಲು ಇಷ್ಟ. ಅಷ್ಟು ಶ್ರಮಪಟ್ಟು ನುಣುಪಾಗಿಸಿದ ಮೈಯನ್ನು ಮಾದರಿಯಲ್ಲಿ ಒರಟು ಮಾಡುವುದು ಆ ಕೆಲಸಗಾರರಿಗೆ ಮಾಡುವ ಅನ್ಯಾಯ. ಲೆಕ್ಕ ಹಾಕಿ ನೋಡಿ. ತಲೆಗೂದಲಿನ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಏಳು ಪಾಲು. ಕಿಟ್ ಮೇಲೆ ಅಷ್ಟಗಲದ ಗೀರು ಇದ್ದರೆ ನಿಜವಾದ ವಿಮಾನದಲ್ಲಿ ಅದು ಐದು ಮಿಲಿಮೀಟರ್ ಬಾಯಿಬಿಟ್ಟ ಸಂದು. ಅಂಥ ಸಂದುಗಳ ವಿಮಾನ ಸ್ಪಿಟ್‌ಫೈರ್ ಆಗಲಾರದು. ಹೀಗಾಗಿ ಕಿಟ್‌ನ ಆಳವಾದ ಪ್ಯಾನೆಲ್ ಲೈನ್‌ಗಳನ್ನು ಪುಟ್ಟಿ ತುಂಬಿ, ಉಜ್ಜಿ, ಇದ್ದೂ ಇಲ್ಲದಂತೆ ಮಾಡುವುದು ನನ್ನ ಪದ್ಧತಿ.

ಮೂರನೆಯ ಸಾಕ್ಷಿ ಕಾಗದ, ಎಲ್ಲಕ್ಕಿಂತ ಆಳವಾದದ್ದು. ಬ್ರಿಟಿಷ್ ವಾಯುಪಡೆಯ ಪ್ರತಿ ಸ್ಕ್ವಾಡ್ರನ್ನೂ ದಿನಚರಿ ಇಡಬೇಕಿತ್ತು. 540ನೇ ಫಾರಂನಲ್ಲಿ ದಿನದ ಸಾರಾಂಶ. 541ನೇ ಫಾರಂನಲ್ಲಿ ಒಂದೊಂದು ಹಾರಾಟದ ವಿವರ: ವಿಮಾನದ ಕ್ರಮಸಂಖ್ಯೆ, ಪೈಲಟ್ ಹೆಸರು, ಏರಿದ ವೇಳೆ, ಇಳಿದ ವೇಳೆ. ಇವು ಲಂಡನ್ನಿನ ಕ್ಯೂ ಎಂಬಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿ 'ಏರ್ 27' ಎಂಬ ಶ್ರೇಣಿಯಲ್ಲಿ ಉಳಿದಿವೆ, ಪ್ರತಿ ತರಿಸಿಕೊಳ್ಳಬಹುದು. ಇವನ್ನು ಓದಿದ ಮೇಲೆ ಮಾದರಿಯ ಅರ್ಥವೇ ಬದಲಾಗುತ್ತದೆ. ಅಲ್ಲಿಯವರೆಗೆ ಬಣ್ಣ, ಪಟ್ಟಿ, ಅಕ್ಷರ ಎಂದು ತಲೆಕೆಡಿಸಿಕೊಂಡಿದ್ದವನಿಗೆ ಇದ್ದಕ್ಕಿದ್ದಂತೆ ಆ ಕಾಕ್‌ಪಿಟ್‌ನಲ್ಲಿ ಕೂತ ಹುಡುಗ ಎದುರಾಗುತ್ತಾನೆ. ಇಪ್ಪತ್ತರ ಆಸುಪಾಸಿನವನು. ಬೆಳಿಗ್ಗೆ ಏರಿದ ವೇಳೆ ಬರೆದಿದೆ. ಇಳಿದ ವೇಳೆ ಇರಬೇಕಾದ ಕಡೆ ಹಿಂದಿರುಗಲಿಲ್ಲವೆಂಬ ಎರಡು ಮಾತು. ಅವನ ವಿಮಾನವನ್ನು ಮಾಡುವವನಿಗೆ ಅಂದಾಜಿನಲ್ಲಿ ಬಣ್ಣ ಬಳಿಯುವ ಹಕ್ಕಿಲ್ಲ. ನಿಖರತೆ ನನಗೆ ಹವ್ಯಾಸದ ಹೆಮ್ಮೆಯಲ್ಲ, ಆ ಹುಡುಗನಿಗೆ ಸಲ್ಲಿಸಬೇಕಾದ ಗೌರವ. ಅವನು ಕೊನೆಯ ಬಾರಿ ಏರಿದ್ದು ಅಂಥದೊಂದು ವಿಮಾನವನ್ನಲ್ಲ, ಇದನ್ನೇ.

ಅಂದಾಜು ಕೂಡದೆಂಬ ಈ ನಿಯಮ ನನ್ನನ್ನು ಅತ್ಯಂತ ಕಠಿಣವಾಗಿ ಪರೀಕ್ಷಿಸಿದ್ದು ಗಂಡಭೇರುಂಡದ ವಿಷಯದಲ್ಲಿಯೇ. ಮೈಸೂರಿನ ವಿಮಾನವೆಂದ ಮೇಲೆ ಮೂತಿಯ ಬದಿಯಲ್ಲಿ ಆ ಹಕ್ಕಿ ಇರಲಿ ಎಂದು ಮನಸ್ಸು ಹಂಬಲಿಸುತ್ತದೆ. ಆದರೆ ಆಗಿನ ಫೈಟರ್‌ಗಳು ಹೊತ್ತದ್ದು ದಳದ ಗುರುತಿನ ಎರಡು ಅಕ್ಷರ, ವಿಮಾನದ ಒಂದು ಅಕ್ಷರ. ಮೈಸೂರು ಸ್ಕ್ವಾಡ್ರನ್ನಿಗೆ ಅದು ಡಿ ಮತ್ತು ವಿ. ಲಾಂಛನ ಎಂಬುದು ದಳದ ಕಾಗದಪತ್ರಗಳಲ್ಲಿ, ಭೋಜನಶಾಲೆಯ ಗೋಡೆಯ ಮೇಲೆ ಇರುವಂಥದು. ನಾನು ಆರಿಸಿದ ವಿಮಾನದ ಮೈಮೇಲೆ ಹಕ್ಕಿ ಇತ್ತೆಂದು ಹೇಳುವ ಫೋಟೊ ಕೈಗೆ ಬರುವವರೆಗೆ ಅದನ್ನು ಬರೆಯಲಾರೆ. ಅಭಿಮಾನ ಸಾಕ್ಷ್ಯದ ಜಾಗದಲ್ಲಿ ಕೂರಬಾರದು.

ಹಾಗೆಂದು ಹಕ್ಕಿಯನ್ನು ಬಿಡಲಾದೀತೇ? ಅದಕ್ಕೆ ಮಾದರಿ ನಿಲ್ಲುವ ಮರದ ಪೀಠದಲ್ಲಿ ಜಾಗ ಮಾಡಿದೆ. ಅಲ್ಲಿಯೂ ಹುಡುಕಾಟ ತಪ್ಪಲಿಲ್ಲ. ಗಂಡಭೇರುಂಡಕ್ಕೆ ನಮ್ಮ ನೆಲದಲ್ಲಿ ಸಾವಿರ ವರ್ಷದ ವಯಸ್ಸು. ಶಿಕಾರಿಪುರದ ಹತ್ತಿರದ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭವಿದೆ. ಅಲ್ಲಿನ ಆಕೃತಿಗೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ವಿಜಯನಗರದ ಅಚ್ಯುತರಾಯನ ನಾಣ್ಯದಲ್ಲಿ ಅದು ಹಕ್ಕಿಯಾಗಿದೆ. ಒಡೆಯರ ರಾಜಲಾಂಛನದ ಹಕ್ಕಿಯೇ ಇಂಗ್ಲೆಂಡಿಗೆ ಹೋದದ್ದು. ಆದ್ದರಿಂದ ಪೀಠದ ಮೇಲೆ ಕೆತ್ತಬೇಕಾದದ್ದು ಬಳ್ಳಿಗಾವೆಯದಲ್ಲ, ಮೈಸೂರಿನದು. ಅದರ ಕೆಳಗೆ ದಳದ ಧ್ಯೇಯವಾಕ್ಯವನ್ನು ಕನ್ನಡದಲ್ಲಿ ಬರೆದೆ: ನ್ಯಾಯವನ್ನು ಕಾಯುವೆ.

ಆ ಮಾತು ಬರೆಯುವಾಗ ಕುಂಚ ನಿಂತಿತು. 1942ರ ಆಗಸ್ಟ್‌ನಲ್ಲಿ ಮೈಸೂರಿನ ಹೆಸರಿನ ದಳ ಡಿಯೆಪ್ ಮೇಲೆ ಹಾರಿತು. ಅದಾದ ಮರುತಿಂಗಳು, ಅದೇ ಮೈಸೂರು ಸಂಸ್ಥಾನದ ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ ತಮ್ಮ ಊರು ಸ್ವತಂತ್ರವೆಂದು ಸಾರಿದರು. 1943ರ ಮಾರ್ಚ್‌ನಲ್ಲಿ ಅವರಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ನಾಜಿಗಳ ವಿರುದ್ಧ ಹಾರಿದ ಹುಡುಗರ ಕಡೆಗೂ ನ್ಯಾಯವಿತ್ತು, ಈಸೂರಿನ ಕಡೆಗೂ ನ್ಯಾಯವಿತ್ತು. ಸಂಸ್ಥಾನ ಕೊಟ್ಟ ಹಣವೆಂದರೆ ಕೊನೆಗೆ ನೆಲದಿಂದ ಬಂದದ್ದೇ. ಚಿತ್ರದುರ್ಗವೂ ಆಗ ಮೈಸೂರಿನ ಒಂದು ಜಿಲ್ಲೆ, ಹಿರಿಯೂರಿನ ನಾಲೆಯ ಬಯಲೂ ಆ ನೆಲದ ಭಾಗ. ಯಾರನ್ನು ಕೇಳಿ ಕೊಟ್ಟರು ಎಂದು ಈಸೂರಿನವರು ಕೇಳಬಹುದಾಗಿತ್ತು, ಅದು ನ್ಯಾಯವಾದ ಪ್ರಶ್ನೆಯೇ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳದೆ ನಾನು ಈ ವಿಮಾನ ಮಾಡಲಾರೆ. ಸಣ್ಣ ವಿವರಗಳಲ್ಲಿ ನಿಜ ಹೇಳುತ್ತೇನೆಂದು ಹೊರಟವನು ದೊಡ್ಡ ವಿವರವನ್ನು ಮರೆಮಾಡಬಾರದು. ಪೀಠದ ಫಲಕದಲ್ಲಿ ದಳದ ಹೆಸರು, ದಿನಾಂಕಗಳ ಜೊತೆಗೆ ಹಣ ಎಲ್ಲಿಂದ ಬಂತೆಂಬುದೂ ಇದೆ.

ಹುಡುಕಾಟ ದೂರದ ಇಂಗ್ಲೆಂಡಿಗೆ ಎಂದು ಹೊರಟರೂ ಮತ್ತೆ ಮತ್ತೆ ನಮ್ಮ ನೆಲಕ್ಕೇ ಬಂದು ಮುಟ್ಟುತ್ತದೆ. ಮೈಸೂರು ಸರ್ಕಾರದ ಬೆಂಬಲದಿಂದ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದ್ದು 1940ರ ಡಿಸೆಂಬರ್‌ನಲ್ಲಿ. ಅದೇ ಇಂದಿನ ಎಚ್.ಎ.ಎಲ್. ಯುದ್ಧ ಬಿರುಸಾದಾಗ ಅದು ಮಿತ್ರಪಡೆಗಳ ವಿಮಾನಗಳ ದೊಡ್ಡ ದುರಸ್ತಿ ಕೇಂದ್ರವಾಯಿತು. ನೀರಿನ ಮೇಲಿಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿದು ಅಲ್ಲಿಂದ ಕಾರ್ಖಾನೆ ಸೇರುತ್ತಿದ್ದವು. 1944ರಲ್ಲಿ ಬ್ರಿಟಿಷ್ ವಾಯುಪಡೆಯ 45ನೇ ಸ್ಕ್ವಾಡ್ರನ್ ಯಲಹಂಕದಲ್ಲಿ, 82ನೇ ಸ್ಕ್ವಾಡ್ರನ್ ಕೋಲಾರದಲ್ಲಿ ಹಳೆಯ ವೆಂಜೆನ್ಸ್ ವಿಮಾನ ಬಿಟ್ಟು ಮಾಸ್ಕಿಟೊ ಹಾರಿಸಲು ಕಲಿತವು. ಮಾಸ್ಕಿಟೊ ಮರದ ವಿಮಾನ, ಅಂಟಿನಿಂದ ಜೋಡಿಸಿದ್ದು. ಅದೇ ವರ್ಷ ಭಾರತದಲ್ಲಿ ಹಾರಾಟದ ನಡುವೆಯೇ ಕೆಲವು ಮಾಸ್ಕಿಟೊಗಳ ರೆಕ್ಕೆ ಮುರಿದವು, ಜನ ಸತ್ತರು. ಅಂಟಿನ ಮೇಲೂ ಜೋಡಣೆಯ ಕೆಲಸದ ಮೇಲೂ ತನಿಖೆ ನಡೆಯಿತು. ಬಿಸಿಲಿನ ಕಾವು ಮರಕ್ಕೆ ತಟ್ಟದಿರಲೆಂದು ಮೈಗೆಲ್ಲ ಬೆಳ್ಳಿಬಣ್ಣ ಬಳಿದರು. ಯುರೋಪಿನ ಮಾಸ್ಕಿಟೊಗೆ ಹಸಿರು-ಬೂದು, ಇಲ್ಲಿಯದಕ್ಕೆ ಬೆಳ್ಳಿ. ಮಾದರಿಕಾರನಿಗೆ ಅದು ಒಂದು ಡಬ್ಬಿ ಬಣ್ಣದ ವ್ಯತ್ಯಾಸ. ಅದರ ಹಿಂದೆ ನಮ್ಮ ಬಿಸಿಲು ಇದೆ, ಸತ್ತವರಿದ್ದಾರೆ. ಪೂರ್ವ ರಂಗದ ವಿಮಾನಗಳ ವೃತ್ತದ ನಡುವಿನ ಕೆಂಪು ಮಾಯವಾದದ್ದಕ್ಕೂ ಇಂಥದೇ ಕಾರಣ. ಜಪಾನಿನ ಕೆಂಪು ಸೂರ್ಯನೆಂದು ಭ್ರಮಿಸಿ ತಮ್ಮವರೇ ಹೊಡೆದಾರೆಂಬ ಭಯ.

ಇನ್ನು ಲಿಬರೇಟರ್ ಕಥೆ. ಯುದ್ಧ ಮುಗಿದಾಗ ಬ್ರಿಟಿಷರು ಹತ್ತಾರು ಲಿಬರೇಟರ್ ಬಾಂಬರ್‌ಗಳನ್ನು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋದರು. ಮತ್ತೆ ಹಾರಬಾರದೆಂದೇ ಹಾಳುಗೆಡವಿದ್ದವು. ಸ್ವಾತಂತ್ರ್ಯ ಬಂದ ಮೇಲೆ ಎಚ್.ಎ.ಎಲ್‌ನ ಪರೀಕ್ಷಾ ಪೈಲಟ್ ಜಮ್ಶೆಡ್ ಮುನ್ಶಿ ಅವುಗಳನ್ನು ಹೇಗೋ ಹಾರುವಂತೆ ಮಾಡಿ ಒಂದೊಂದಾಗಿ ಬೆಂಗಳೂರಿಗೆ ತಂದರು. ಇಲ್ಲಿನ ಕೆಲಸಗಾರರು 40ಕ್ಕೂ ಹೆಚ್ಚು ವಿಮಾನಗಳಿಗೆ ಜೀವ ಕೊಟ್ಟರು. ಅವು 1968ರವರೆಗೆ ನಮ್ಮ ವಾಯುಪಡೆಯಲ್ಲಿ ಹಾರಿದವು. ಆ ಹೊತ್ತಿಗೆ ಜಗತ್ತಿನ ಉಳಿದೆಡೆ ಲಿಬರೇಟರ್‌ಗಳು ಬಹುಪಾಲು ಗುಜರಿ ಸೇರಿದ್ದವು. 1974ರಲ್ಲಿ ಅವುಗಳಲ್ಲಿ ಒಂದನ್ನು ಭಾರತ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂಗೆ ಉಡುಗೊರೆಯಾಗಿ ಕೊಟ್ಟಿತು. ಅಮೆರಿಕ, ಕೆನಡಾಗಳ ಸಂಗ್ರಹಗಳಿಗೂ ಇಲ್ಲಿಂದ ಹೋದವು. ಇಂದು ಬ್ರಿಟಿಷ್ ಲಿಬರೇಟರಿನ ಮಾದರಿ ಮಾಡುವ ಇಂಗ್ಲೆಂಡಿನ ಹವ್ಯಾಸಿ ಅಳೆಯುವುದು, ಫೋಟೊ ತೆಗೆಯುವುದು ಬೆಂಗಳೂರಿನ ಕೈಗಳು ಬದುಕಿಸಿದ ವಿಮಾನವನ್ನು. ಇದನ್ನು ಹೇಳುವಾಗ ನನಗೆ ಆಗುವ ಸಂತೋಷವನ್ನು ಮುಚ್ಚಿಡುವುದಿಲ್ಲ.

ಬೆಂಗಳೂರಿನ ಆ ಕೈಗಳ ಹೆಸರು ಎಲ್ಲಿದೆ? ಮೈಸೂರಿನ ಹೆಸರಿನಲ್ಲಿ ಹಾರಿದ ಇಂಗ್ಲಿಷ್ ಹುಡುಗ ಎಷ್ಟು ಗಂಟೆಗೆ ಏರಿದನೆಂಬುದು ಇಂದಿಗೂ ಓದಲು ಸಿಗುತ್ತದೆ. ರಿವೆಟ್ ಹೊಡೆದ, ಕೇಬಲ್ ಎಳೆದ, ಇಂಜಿನ್ ಬಿಚ್ಚಿ ಕಟ್ಟಿದ ನಮ್ಮ ಫಿಟ್ಟರ್‌ಗಳು ಯಾವ ವಿಮಾನದ ಮೇಲೆ ಯಾವ ದಿನ ದುಡಿದರೆಂಬುದಕ್ಕೆ ಅಂಥ ಫಾರಂ ಓದುಗರ ಕೈಗೆ ಬಂದಿಲ್ಲ. ಬೆಂಗಳೂರಿನಲ್ಲಿ ಎಚ್.ಎ.ಎಲ್‌ನ ಸಂಗ್ರಹಾಲಯವಿದೆ, ವಿಧಾನಸೌಧದಲ್ಲಿ ರಾಜ್ಯ ಪತ್ರಾಗಾರವಿದೆ. ಆದರೆ ಕೆಲಸಗಾರನ ನೆನಪು ಬಹಳಷ್ಟು ಉಳಿದಿರುವುದು ಮನೆಗಳಲ್ಲಿ.

ವಿವರ ಹುಡುಕುವವರ ಹಠ ಬರಿಯ ಹವ್ಯಾಸ ಎನ್ನುವವರಿಗೆ ನಾನು ಕೊಡಗಿನ ಅಜ್ಜಮಾಡ ದೇವಯ್ಯನವರ ಕಥೆ ಹೇಳುತ್ತೇನೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಅವರದೂ ಒಂದು. ಅವರು ಮರಳಲಿಲ್ಲ. ಕಾಣೆಯಾದವರ ಪಟ್ಟಿಯಲ್ಲಿ ಹೆಸರು ಸೇರಿತು, ಅಷ್ಟೇ. ಆ ಯುದ್ಧದ ವಾಯುಕದನಗಳನ್ನು ಒಂದೊಂದಾಗಿ ಬೆನ್ನುಹತ್ತಿದ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕನ ಪುಸ್ತಕ 1979ರಲ್ಲಿ ಹೊರಬಂದಾಗ ನಿಜ ಗೊತ್ತಾಯಿತು. ತಮ್ಮ ವಿಮಾನಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರ್ ಎರಗಿದಾಗ ದೇವಯ್ಯ ಪೆಟ್ಟು ತಿಂದ ವಿಮಾನದಲ್ಲೇ ತಿರುಗಿ ಹೋರಾಡಿ ಅದನ್ನು ಕೆಡವಿದ್ದರು. ಕೆಳಗೆ ಧುಮುಕಿ ಬದುಕಿದ ಎದುರಾಳಿ ಪೈಲಟ್ಟೇ ಅದಕ್ಕೆ ಸಾಕ್ಷಿ. 1988ರಲ್ಲಿ, 23 ವರ್ಷಗಳ ನಂತರ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಯಾವ ವಿಮಾನ, ಯಾವ ಹೊತ್ತು, ಯಾರು ಯಾರನ್ನು ಹೊಡೆದರು ಎಂದು ಕಾಗದಗಳನ್ನು ಕೂಡಿಸಿ ನೋಡುವ ಜನ ಇಲ್ಲದಿದ್ದರೆ ಆ ಧೈರ್ಯ ಯಾರಿಗೂ ತಿಳಿಯದೆ ಹೂತುಹೋಗುತ್ತಿತ್ತು.

ಇಂದು ಚಳ್ಳಕೆರೆಯ ಕಡೆಯಿಂದ ಚಾಲಕನಿಲ್ಲದ ವಿಮಾನಗಳು ಹಾರಾಟದ ಪರೀಕ್ಷೆಗೆ ಏಳುತ್ತವೆ. 2023ರ ಆಗಸ್ಟ್‌ನಲ್ಲಿ ಅವುಗಳಲ್ಲಿ ಒಂದು ನಮ್ಮದೇ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲಕ್ಕೆ ಬಿದ್ದಾಗ ಸುತ್ತಲ ಹಳ್ಳಿಗಳ ಜನ ನೋಡಲು ನೆರೆದರು. ಇವುಗಳ ಮಾದರಿಯನ್ನು ಮುಂದೊಂದು ದಿನ ನಮ್ಮ ಸೀಮೆಯ ಯಾವುದಾದರೂ ಹುಡುಗಿಯೋ ಹುಡುಗನೋ ಮಾಡಲು ಕೂರುತ್ತಾರೆ. ಅವರಿಗೆ ಬೇಕಾಗುವುದೂ ಇದೇ: ದಿನಾಂಕ, ಬಣ್ಣ, ಫೋಟೊ, ಕಣ್ಣಾರೆ ಕಂಡವರ ಮಾತು.

ಅದಕ್ಕಾಗಿ ಕೇಳಿಕೊಳ್ಳುವುದು ಇಷ್ಟೆ. ನಿಮ್ಮ ಮನೆಯಲ್ಲಿ ಎಚ್.ಎ.ಎಲ್‌ನಲ್ಲೋ ವಾಯುಪಡೆಯಲ್ಲೋ ಯುದ್ಧಕಾಲದ ಯಾವುದಾದರೂ ನಿಲ್ದಾಣದಲ್ಲೋ ದುಡಿದ ಅಜ್ಜ, ಅಜ್ಜಿ, ದೊಡ್ಡಪ್ಪ ಇದ್ದರೆ, ಅವರ ಹಳೆಯ ಟ್ರಂಕಿನಲ್ಲಿ ಫೋಟೊ ಇದ್ದರೆ, ಹಿಂಬದಿಯಲ್ಲಿ ಮೃದುವಾದ ಪೆನ್ಸಿಲಿನಿಂದ ಯಾರು, ಎಲ್ಲಿ, ಯಾವ ವರ್ಷ ಎಂದು ಬರೆದಿಡಿ. ಹಿನ್ನೆಲೆಯಲ್ಲಿ ಅರ್ಧ ರೆಕ್ಕೆ ಕಂಡರೂ ಸಾಕು, ಆ ಭಾಗವನ್ನು ಕತ್ತರಿಸಬೇಡಿ. ಕೆಲಸದ ಕಾರ್ಡು, ವೇತನದ ಚೀಟಿ, ಊರಿಗೆ ಬರೆದ ಕಾಗದ ಒಂದನ್ನೂ ಎಸೆಯಬೇಡಿ. ಬದುಕಿರುವವರನ್ನು ಕೂರಿಸಿಕೊಂಡು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಮೈಸೂರು ಸ್ಕ್ವಾಡ್ರನ್ನಿನ ಹುಡುಗರ ಲೆಕ್ಕವನ್ನು ಅವರ ದೇಶ ಇಟ್ಟುಕೊಂಡಿದೆ. ನಮ್ಮ ಜನರ ಲೆಕ್ಕ ಇಡಬೇಕಾದವರು ನಾವು.